ಒಡಕು ದನಿಗೊಂದು ಪೆಟ್ಟಿಗೆ

ತಂಬೂರಿಯ ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ನೂಲಿನ ಎಳೆಯೊಂದನ್ನು ಮೆಲ್ಲನೆ ಸರಿಸಿ ಜೀವಾಳ ಹಿಡಿಸುವುದನ್ನು ಸಂಗೀತವಿರುವ ಮನೆಯವರೆಲ್ಲರೂ ಕಂಡಿದ್ದಾರೆ. ನೂಲಿಲ್ಲದ ತಂತಿಯೂ ಶುದ್ಧವಾಗಿಯೇ ಮಿಡಿಯುತ್ತದೆ. ಆದರೆ ಝೇಂಕಾರ ಮಾತ್ರ ಅದಕ್ಕೆ ಬಾರದು. ವಿದ್ಯುತ್ ಗಿಟಾರ್ ನುಡಿಸುವವರು ಕಾಲ ಬಳಿ ಇಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆಯ ಬಗೆ ಬೇರೆಯಾದರೂ ಬಯಕೆ ಇಂಥದೇ.

ಆ ಪೆಟ್ಟಿಗೆ ಹುಟ್ಟಿದ್ದು ಒಂದು ತಪ್ಪಿನಿಂದ. ಅಮೆರಿಕದ ನ್ಯಾಶ್‌ವಿಲ್ ನಗರದಲ್ಲಿ ಮಾರ್ಟಿ ರಾಬಿನ್ಸ್ ಹಾಡಿದ, 1961ರಲ್ಲಿ ಹೊರಬಂದ ಗೀತೆಯೊಂದರ ಧ್ವನಿಮುದ್ರಣದಲ್ಲಿ ಯಂತ್ರದ ಭಾಗವೊಂದು ಕೆಟ್ಟು, ಗ್ರೇಡಿ ಮಾರ್ಟಿನ್‌ರ ಗಿಟಾರಿನ ನಾದ ಗೊಗ್ಗರವಾಯಿತು. ಅಳಿಸಿಹಾಕಬಹುದಾಗಿದ್ದ ಆ ದನಿಯನ್ನು ಹಾಗೆಯೇ ಉಳಿಸಿಕೊಂಡರು, ಜನ ಮೆಚ್ಚಿದರು. ಧ್ವನಿತಂತ್ರಜ್ಞ ಗ್ಲೆನ್ ಸ್ನಾಡಿ ಸಹೋದ್ಯೋಗಿಯೊಡನೆ ಸೇರಿ, ಅದೇ ಒಡಕನ್ನು ಬೇಕೆಂದಾಗ ಬರಿಸುವ ಟ್ರಾನ್ಸಿಸ್ಟರ್ ಮಂಡಲವನ್ನು ರಚಿಸಿದರು. 1962ರಲ್ಲಿ ಅದು ‘ಮ್ಯಾಸ್ಟ್ರೋ ಫಜ್ ಟೋನ್’ ಎಂಬ ಹೆಸರಿನಿಂದ ಅಂಗಡಿಗೆ ಬಂದಿತು. ಅದರೊಳಗಿದ್ದುದು ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಅದೇ 1962ರಲ್ಲಿ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೂ ಜರ್ಮೇನಿಯಂ ಅರೆವಾಹಕಗಳ ತಯಾರಿಕೆಯನ್ನು ಆರಂಭಿಸಿತು. ದನಿ ಕೆಡದಂತೆ ಕಾಯುವುದು ರೇಡಿಯೋ ತಂತ್ರಜ್ಞರ ಧರ್ಮ. ಅದೇ ಬಗೆಯ ವಸ್ತು ಅತ್ತ ಬೇಕೆಂದೇ ದನಿ ಕೆಡಿಸುವುದಕ್ಕೆ ಒದಗಿತು!

ಇಂಥ ಪೆಟ್ಟಿಗೆಯನ್ನು ಆಸಕ್ತರು ಮನೆಯ ಮೇಜಿನ ಮೇಲೆಯೇ ಕಟ್ಟಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳು ದೊರೆಯುತ್ತವೆ: 9 ವೋಲ್ಟಿನ ಬ್ಯಾಟರಿ, ‘ಆಪ್ ಆಂಪ್’ ಎಂಬ ವರ್ಧಕ, ಕೆಲವು ರೆಸಿಸ್ಟರು, ಕೆಪಾಸಿಟರು, ಎರಡು ಡಯೋಡು, ಕಾಲಿನಿಂದ ಒತ್ತುವ ಸ್ವಿಚ್ಚು, ಅಲ್ಯೂಮಿನಿಯಂ ಡಬ್ಬಿ. ಗಿಟಾರಿನಿಂದ ಬಂದ ಕ್ಷೀಣ ವಿದ್ಯುತ್ತನ್ನು ವರ್ಧಕವು ಹಿಗ್ಗಿಸುತ್ತದೆ. ತಿರುವುಮುರುವಾಗಿ ಜೋಡಿಸಿದ ಡಯೋಡುಗಳು, ಸಿಲಿಕಾನಿನವಾದರೆ ಸುಮಾರು 0.6 ವೋಲ್ಟಿನಲ್ಲಿ, ಜರ್ಮೇನಿಯಮಿನವಾದರೆ ಸುಮಾರು 0.3 ವೋಲ್ಟಿನಲ್ಲಿ, ವಿದ್ಯುತ್ತಿಗೆ ದಾರಿ ಬಿಡುತ್ತವೆ. ಆ ಮಿತಿಯನ್ನು ಮೀರಿದ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಆಗ ಮೂಲಸ್ವರದ ಜೊತೆಗೆ ಅದರ ಮೂರು, ಐದು, ಏಳು ಪಟ್ಟು ವೇಗದ ಕಂಪನಗಳೂ ಹುಟ್ಟುತ್ತವೆ. ಕಿವಿಗೆ ಒಡಕೆನಿಸುವುದು ಇದೇ.

ಕಟ್ಟಿದೊಡನೆ ಗಿಟಾರ್ ಸಿಕ್ಕಿಸುವುದು ಆತುರದ ಕೆಲಸ. ಮೊದಲು ಮೀಟರು ಹಿಡಿಯಬೇಕು. ವರ್ಧಕದ ಹೊರದಾರಿಯಲ್ಲಿ ಬ್ಯಾಟರಿಯ ಅರ್ಧ, ಎಂದರೆ ಸುಮಾರು 4.5 ವೋಲ್ಟ್, ಕಾಣಬೇಕು. ಕಾಣದಿದ್ದರೆ ಬೆಸುಗೆಯನ್ನೂ ಜೋಡಣೆಯನ್ನೂ ಮರಳಿ ನೋಡಬೇಕು. ಬಳಿಕ ಆಸಿಲೋಸ್ಕೋಪಿನ ತೆರೆಯ ಮೇಲೆ, ದುಂಡನೆಯ ಅಲೆಯ ತಲೆ ಬುಡಗಳೆರಡೂ ಸಮನಾಗಿ ಸವೆದಿವೆಯೇ ಎಂದು ಪರೀಕ್ಷಿಸಬೇಕು. ಬೇಕಾದ ಒಡಕು ಬೇರೆ, ಬೇಡದ ಗುಂಯ್‌ಗುಟ್ಟುವಿಕೆ ಬೇರೆ. ಎರಡನೆಯದನ್ನು ತಡೆಯಲೆಂದೇ ಲೋಹದ ಡಬ್ಬಿಯನ್ನು ಮಂಡಲದ ಅರ್ತ್ ತಂತಿಗೆ ಕೂಡಿಸುತ್ತಾರೆ.

ಕೊನೆಯ ಪರೀಕ್ಷೆ ಕಿವಿಯದು. ಷಡ್ಜ ಪಂಚಮಗಳನ್ನು ಒಟ್ಟಿಗೆ ಮೀಟಿದರೆ ಒಡಕಿನ ನಡುವೆಯೂ ನಾದ ಗಟ್ಟಿಯಾಗಿ ನಿಲ್ಲುತ್ತದೆ. ಇನ್ನೂ ಎರಡು ಸ್ವರ ಸೇರಿಸಿದರೆ ಎಲ್ಲವೂ ಕಲಸುಮೇಲೋಗರ. ತಂಬೂರಿಯ ತಂತಿಗಳನ್ನು ಷಡ್ಜ ಪಂಚಮಗಳಿಗೆ ಕೂಡಿಸಿದ ಹಿರಿಯರಿಗೆ ಈ ಮಾತು ಹೊಸದೆನಿಸದು. ದೋಷವು ಗುಣವಾಗುವುದು ಅಳತೆಯಿಂದ. ಕೂದಲೆಳೆಯಷ್ಟು ಸರಿದರೆ ನೂಲು ಜೀವಾಳವಲ್ಲ, ಬರಿಯ ನೂಲು. ಪೆಟ್ಟಿಗೆಯ ತಿರುಗುಗುಂಡಿಯ ಮಾತೂ ಅಷ್ಟೇ.