ಗಾಳಿಯ ಗಂಟು

ನಾವು ಉಸಿರಾಡುವ ಗಾಳಿಯು ಆದಿಯಿಂದಲೂ ಹೀಗೆಯೇ ಇದ್ದಿತೆಂಬ ಭಾವನೆ ಜನಸಾಮಾನ್ಯರಲ್ಲಿ ಬೇರೂರಿದೆ. ವಸ್ತುಸ್ಥಿತಿ ಹಾಗಿಲ್ಲ. ಸುಮಾರು 450 ಕೋಟಿ ವರ್ಷಗಳ ಹಿಂದೆ ಹುಟ್ಟಿದ ಈ ಭೂಮಿಯ ಎಳೆತನದಲ್ಲಿ ಜ್ವಾಲಾಮುಖಿಗಳು ಉಗುಳಿದ ನೀರಾವಿ, ಇಂಗಾಲಾಮ್ಲ ವಾಯು, ಸಾರಜನಕಗಳೇ ಅದರ ಹೊದಿಕೆಯಾಗಿದ್ದವು. ಭೂಮಿ ತಣಿದಂತೆ ನೀರಾವಿಯು ಮಳೆಯಾಗಿ ಸುರಿದು ಸಮುದ್ರವಾಯಿತು. ಇಂಗಾಲಾಮ್ಲದ ಬಹುಭಾಗವು ನೀರಿನಲ್ಲಿ ಕರಗಿ, ಕ್ರಮೇಣ ಸುಣ್ಣಕಲ್ಲಾಗಿ ನೆಲದಲ್ಲಿ ಸೇರಿತು.

ಹಾಗಾದರೆ ಪ್ರಾಣವಾಯುವನ್ನು ಕೊಟ್ಟವರಾರು? ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು. ಬಿಸಿಲಿನ ಬಲದಿಂದ ಅವು ಆಹಾರವನ್ನು ತಯಾರಿಸಿ ಪ್ರಾಣವಾಯುವನ್ನು ಹೊರಬಿಟ್ಟವು. ಮೊದಮೊದಲು ಅದನ್ನು ಸಮುದ್ರದಲ್ಲಿ ಕರಗಿದ್ದ ಕಬ್ಬಿಣವು ನುಂಗುತ್ತಿತ್ತು. ನಮ್ಮ ಸಂಡೂರಿನ ಬೆಟ್ಟಗಳ ಪಟ್ಟೆಪಟ್ಟೆಯಾದ ಅದಿರು ಪುರಾತನ ಸಮುದ್ರದ ತಳಕ್ಕಿಳಿದ ಅಂಥ ಕಬ್ಬಿಣವೇ. ಸುಮಾರು 240 ಕೋಟಿ ವರ್ಷಗಳ ಹಿಂದೆ ಪ್ರಾಣವಾಯುವು ಗಾಳಿಯಲ್ಲಿ ನಿಲ್ಲತೊಡಗಿತು. ಇಂದು ಒಣಗಾಳಿಯ ನೂರು ಪಾಲಿನಲ್ಲಿ 78 ಸಾರಜನಕ, 21 ಪ್ರಾಣವಾಯು. ಇಷ್ಟು ದೀರ್ಘಕಾಲದಲ್ಲಿ ಕೂಡಿದ ಗಂಟು ಇದು!

ಪ್ರಾಚೀನ ಅರಣ್ಯಗಳು ಗಾಳಿಯಿಂದ ಹೀರಿದ ಇಂಗಾಲವು ಕಲ್ಲಿದ್ದಲಾಗಿ ಕೋಟ್ಯಂತರ ವರ್ಷ ನೆಲದೊಳಗೆ ಅಡಗಿತ್ತು. ಅದನ್ನು ಅಗೆದು ಸುಡುವ ಕಾರ್ಯವನ್ನು ಮಾನವನು ಕೇವಲ ಎರಡು ಮೂರು ಶತಮಾನಗಳಲ್ಲಿ ನಡೆಸಿದ್ದಾನೆ. ಫಲವೇನು? ಯಂತ್ರಯುಗಕ್ಕೆ ಮೊದಲು ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 280 ಇದ್ದ ಇಂಗಾಲಾಮ್ಲವು, 1958ರಲ್ಲಿ ಚಾರ್ಲ್ಸ್ ಕೀಲಿಂಗರು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದಲ್ಲಿ ಅಳೆಯತೊಡಗಿದಾಗ ಸುಮಾರು 315 ಆಗಿದ್ದಿತು. 2024ರಲ್ಲಿ 420ನ್ನು ಮೀರಿತು. ದಕ್ಷಿಣಧ್ರುವದ ಹಿಮದಲ್ಲಿ ಸೆರೆಯಾದ ಗುಳ್ಳೆಗಳನ್ನು ಪರೀಕ್ಷಿಸಲಾಗಿ, ಯಂತ್ರಯುಗದವರೆಗಿನ ಎಂಟು ಲಕ್ಷ ವರ್ಷಗಳಲ್ಲಿ ಅದು 300ನ್ನೂ ಗಣನೀಯವಾಗಿ ದಾಟಿರಲಿಲ್ಲವೆಂದು ತಿಳಿದುಬಂದಿದೆ.

ಇದು ಪ್ರಕೃತಿಯ ಎಂದಿನ ಏರಿಳಿತವೆಂದು ಕೆಲವರು ವಾದಿಸುವುದುಂಟು. ವಾಯುಮಂಡಲವು ಹಿಂದೆಯೂ ಬದಲಾಯಿತು, ದಿಟ. ಆದರೆ ಇಂದಿನ ವೇಗವು ಅಸಾಧಾರಣವಾದುದು. ನೆಲದಿಂದ ಮೇಲೇಳುವ ಶಾಖವನ್ನು ಇಂಗಾಲಾಮ್ಲವು ತಡೆಹಿಡಿಯುವುದರಿಂದ ಭೂಮಿಯ ಸರಾಸರಿ ಉಷ್ಣತೆಯು ಈಗಾಗಲೇ ಒಂದು ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಏರಿದೆ.

ಇದುವರೆಗೆ ಸುರಿದ ಮೊತ್ತದಲ್ಲಿ ಅಮೆರಿಕೆಯ ಪಾಲೇ ಅತ್ಯಧಿಕವೆಂಬುದನ್ನು ನಾವು ಮರೆಯಲಾರೆವು. ಹೆಚ್ಚು ಸುರಿದವರು ಹೆಚ್ಚು ಭಾರವನ್ನು ಹೊರುವುದೇ ನ್ಯಾಯ. ಆದರೆ ವಾರ್ಷಿಕ ಲೆಕ್ಕದಲ್ಲಿ ಭಾರತವೂ ಇಂದು ಮುಂಚೂಣಿಯಲ್ಲಿರುವಾಗ, ಪರರ ತಪ್ಪನ್ನು ಎಣಿಸುತ್ತ ಕುಳಿತರೆ ನಮ್ಮ ಹೊಲಗಳಿಗೆ ಮಳೆ ಕಾಲಕ್ಕೆ ಬಾರದು. ನಿರಾಶೆಗೂ ಕಾರಣವಿಲ್ಲ. 1987ರ ಮಾಂಟ್ರಿಯಲ್ ಒಪ್ಪಂದದಿಂದ ಓಜೋನ್ ಪದರದ ನಾಶವು ತಡೆದು, ಅದು ಚೇತರಿಸಿಕೊಳ್ಳುತ್ತಿದೆ. ರಾಷ್ಟ್ರಗಳು ಒಮ್ಮನಸ್ಸಿನಿಂದ ಅಂದು ಮಾಡಿದುದನ್ನು ಇಂದು ಮಾಡಲಾಗದೆ? ಪೂರ್ವಾರ್ಜಿತವನ್ನು ಉಳಿಸಿ ಮುಂದಿನವರ ಕೈಗೊಪ್ಪಿಸುವುದೇ ಗೃಹಸ್ಥಧರ್ಮವೆಂದು ಬಲ್ಲ ಜನರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ.