ರಜೆಯ ದಿನಗಳ ಸಂಪಾದನೆ

ಸಂಬಳಸಹಿತವಾದ ರಜೆಯನ್ನು ಪಡೆದು, ಆ ದಿನಗಳಲ್ಲಿಯೇ ಮತ್ತೊಬ್ಬರಲ್ಲಿ ದುಡಿದು ನಾಲ್ಕು ಕಾಸು ಸಂಪಾದಿಸುವುದು ಸರಿಯೆ? ಮಗಳ ಮದುವೆಯ ಸಾಲವನ್ನು ಹೊತ್ತ ಗುಮಾಸ್ತನು ಕೇಳುವ ಪ್ರಶ್ನೆಯಿದು, ನಕ್ಕು ತಳ್ಳಿಹಾಕತಕ್ಕುದಲ್ಲ.

ರಜೆಯಿಂದ ನೌಕರಿಯ ಕರಾರು ಕಡಿದುಹೋಗುವುದಿಲ್ಲ. ಆದುದರಿಂದಲೇ ಭಾರತ ಸರ್ಕಾರದ ನೌಕರರಿಗೆ ಅನ್ವಯಿಸುವ 1972ನೆಯ ಇಸವಿಯ ರಜಾ ನಿಯಮಗಳು, ಪೂರ್ವಾನುಮತಿಯಿಲ್ಲದೆ ರಜೆಯಲ್ಲಿ ಅನ್ಯ ಉದ್ಯೋಗವನ್ನು ಹಿಡಿಯಕೂಡದೆಂದು ವಿಧಿಸಿವೆ. ನಿವೃತ್ತಿಗೆ ಮುಂಚಿನ ರಜೆಗೂ ಈ ನಿರ್ಬಂಧವುಂಟು. ಬಿಡಿಯಾದ ಸಾಹಿತ್ಯದ ಕೆಲಸ, ಪರೀಕ್ಷಕತನ ಮೊದಲಾದುವುಗಳಿಗೆ ವಿನಾಯಿತಿಯಿದೆ. ಅಧ್ಯಾಪಕನಾದ ನನಗೆ ಇದು ಬಲು ಅನುಕೂಲವೆಂಬುದನ್ನು ಮುಚ್ಚಿಡಲಾರೆ.

ಎರಡನೆಯ ಆಕ್ಷೇಪವು ಇನ್ನೂ ಆಳವಾದುದು. ದಣಿದ ಮೈ ಚೇತರಿಸಿಕೊಳ್ಳಲೆಂದಲ್ಲವೆ ವಾರ್ಷಿಕ ರಜೆಗೆ ಸಂಬಳ? ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1936ರ ಒಡಂಬಡಿಕೆಯು, ರಜೆಯಲ್ಲಿ ಕೂಲಿಗೆ ದುಡಿದವನ ರಜಾ ಸಂಬಳವನ್ನು ಕಳೆಯಲು ರಾಷ್ಟ್ರಗಳಿಗೆ ಅವಕಾಶವಿತ್ತಿತು. ಜರ್ಮನಿಯ 1963ರ ಕಾನೂನು ಹೆಚ್ಚು ವಿವೇಕಯುತವೆಂದು ನನಗೆ ತೋರುತ್ತದೆ; ಅದು ರಜೆಯ ಉದ್ದೇಶಕ್ಕೆ ವಿರೋಧವಾದ ಸಂಪಾದನೆಯನ್ನಷ್ಟೇ ನಿಷೇಧಿಸುತ್ತದೆ. ಮೇಜಿಗೆ ಬಾಗಿ ಬೆನ್ನು ಸೋತವನು ಕೆಲವು ದಿನ ತೋಟದಲ್ಲಿ ಹಣ್ಣು ಬಿಡಿಸಿದರೆ, ಅದು ದುಡಿಮೆಯೋ ವಿಶ್ರಾಂತಿಯೋ?

ನಮ್ಮ ಗುಮಾಸ್ತನಾದರೋ ಕಚೇರಿಯ ಲೆಕ್ಕವನ್ನು ಬಿಟ್ಟು ಅಂಗಡಿಯ ಲೆಕ್ಕಕ್ಕೆ ಕೂರುವವನು. ಅವನು ಮೊದಲು ಮೇಲಧಿಕಾರಿಗೆ ಅರ್ಜಿ ಬರೆಯಲಿ. ಅಪ್ಪಣೆ ದೊರೆಯದಿದ್ದರೆ ಮುಂಗಡವನ್ನಾದರೂ ಕೇಳಬಹುದು.