ಪ್ರೇಷಿತ ಸಂತ ತೋಮಸರ ಕಡಲೂರು: ಒರ್ತೋನಾ

ಇಟಲಿ ಯಾತ್ರೆಗೆ ಹೊರಡುವ ನಮ್ಮ ಕುಟುಂಬಗಳು ಸಾಮಾನ್ಯವಾಗಿ ರೋಮ್ ನಗರದಿಂದ ಆರಂಭಿಸಿ ಅಸ್ಸೀಸಿ, ಪಾದುವಾ, ಲೊರೆತೊಗಳನ್ನು ಸಂದರ್ಶಿಸಿ ಹಿಂದಿರುಗುವುದು ವಾಡಿಕೆ. ಆ ಕ್ಷೇತ್ರಗಳ ಮಹಿಮೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಭಾರತದ ಕ್ರೈಸ್ತರಾದ ನಮಗೆ ಬೇರೆಲ್ಲರಿಗಿಂತ ಹೆಚ್ಚು ಹತ್ತಿರವಾಗಬೇಕಾದ ಒಂದು ಪುಟ್ಟ ಕಡಲೂರು ನಮ್ಮ ಯಾತ್ರಾಪಟ್ಟಿಗಳಲ್ಲಿ ತೀರಾ ವಿರಳವಾಗಿ ಕಾಣಿಸುತ್ತದೆ. ಅದುವೇ ಏಡ್ರಿಯಾಟಿಕ್ ಸಮುದ್ರದ ದಡದಲ್ಲಿರುವ ಒರ್ತೋನಾ. ಭಾರತದಲ್ಲಿ ಸುವಾರ್ತೆ ಸಾರಿ ಮೈಲಾಪುರದಲ್ಲಿ ರಕ್ತಸಾಕ್ಷಿಯಾದರೆಂದು ನಾವು ನಂಬುವ ಪ್ರೇಷಿತ ಸಂತ ತೋಮಸರ ಪೂಜ್ಯ ಅವಶೇಷಗಳನ್ನು ಏಳೂವರೆ ಶತಮಾನಗಳಿಂದ ಕಾಪಾಡಿಕೊಂಡು ಬಂದಿರುವ ಊರು ಅದು.

ಒರ್ತೋನಾ ಇರುವುದು ಅಬ್ರುತ್ಸೊ ಪ್ರಾಂತದಲ್ಲಿ, ಪೆಸ್ಕಾರಾ ನಗರದ ದಕ್ಷಿಣಕ್ಕೆ. ಸಮುದ್ರದತ್ತ ಚಾಚಿಕೊಂಡ ದಿಬ್ಬದ ಮೇಲೆ ಹಳೆಯ ಪಟ್ಟಣ, ಅದರ ಬುಡದಲ್ಲಿ ಬಂದರು, ತುದಿಯಲ್ಲಿ ಹದಿನೈದನೆಯ ಶತಮಾನದ ಆರಗೊನ್ ಅರಸರ ಕೋಟೆ. ಕೋಟೆಯಿಂದ ಪಟ್ಟಣದೊಳಕ್ಕೆ ಕಡಲಿಗೆ ಮುಖಮಾಡಿ ಸಾಗುವ ಉದ್ದನೆಯ ವಿಹಾರಪಥದಲ್ಲಿ ಸಂಜೆಯಾಗುತ್ತಲೇ ಅಜ್ಜಂದಿರಿಂದ ಮೊಮ್ಮಕ್ಕಳವರೆಗೆ ಇಡೀ ಊರೇ ನಡೆದಾಡುತ್ತದೆ. ಪಶ್ಚಿಮಕ್ಕೆ ತಿರುಗಿದರೆ ಚಳಿಗಾಲದಲ್ಲಿ ಹಿಮ ಹೊದ್ದು ನಿಲ್ಲುವ ಮಯೆಲ್ಲಾ ಪರ್ವತಸಾಲು ಕಣ್ಣಿಗೆ ಬೀಳುತ್ತದೆ.

ಮೈಲಾಪುರದಿಂದ ಒರ್ತೋನಾಗೆ

ಪ್ರೇಷಿತರ ಅವಶೇಷಗಳು ಇಷ್ಟು ದೂರ ಸಾಗಿಬಂದ ಬಗೆಯೇ ಒಂದು ದೀರ್ಘ ಕಥನ. ಪುರಾತನ ಪರಂಪರೆಯ ಪ್ರಕಾರ ಭಾರತದ ಸಮಾಧಿಯಿಂದ ಅವುಗಳನ್ನು ಎಡೆಸ್ಸಾ ನಗರಕ್ಕೆ, ಎಂದರೆ ಇಂದಿನ ತುರ್ಕಿಯ ಉರ್ಫಾಕ್ಕೆ ಒಯ್ಯಲಾಯಿತು. ನಾಲ್ಕನೆಯ ಶತಮಾನದಲ್ಲಿಯೇ ಸಂತ ಎಫ್ರೇಮರು ಅದನ್ನು ತಮ್ಮ ಗೀತೆಗಳಲ್ಲಿ ಸ್ಮರಿಸಿದ್ದಾರೆ. ಅದೇ ಶತಮಾನದ ಕೊನೆಯಲ್ಲಿ ಎಜೇರಿಯಾ ಎಂಬ ಯಾತ್ರಿಕ ಮಹಿಳೆ ಎಡೆಸ್ಸಾಕ್ಕೆ ಹೋಗಿ ಪ್ರೇಷಿತರ ಸಮಾಧಿಸ್ಥಳದಲ್ಲಿ ಪ್ರಾರ್ಥಿಸಿದ್ದನ್ನು ಬರೆದಿಟ್ಟಿದ್ದಾಳೆ. 1144ರಲ್ಲಿ ಎಡೆಸ್ಸಾ ಶತ್ರುಗಳ ವಶವಾದ ಬಳಿಕ ಅವಶೇಷಗಳು ಗ್ರೀಕ್ ದ್ವೀಪವಾದ ಖಿಯೋಸ್ ಸೇರಿದವೆಂದು ಹೇಳಲಾಗುತ್ತದೆ.

ಆ ದ್ವೀಪದಿಂದ ಅವುಗಳನ್ನು ತಂದವನು ಒರ್ತೋನಾದ ನೌಕಾನಾಯಕ ಲಿಯೋನೆ ಅಚ್ಚಯುವೋಲಿ. 1258ರ ಸೆಪ್ಟೆಂಬರ್ 6ರಂದು ಅವನ ಹಡಗುಗಳು ಬಂದರನ್ನು ಸೇರಿದಾಗ ಅವಶೇಷಗಳ ಜೊತೆಗೆ ಗ್ರೀಕ್ ಅಕ್ಷರಗಳಲ್ಲಿ ತೋಮಸರ ಹೆಸರನ್ನು ಕೆತ್ತಿದ್ದ ಸಮಾಧಿಶಿಲೆಯೂ ಇತ್ತು. ಅದು ಸಮರದ ಕಾಲ. ಅಂದಿನ ನಾವಿಕರು ಗೆದ್ದ ಊರಿನಿಂದ ಪೂಜ್ಯ ವಸ್ತುಗಳನ್ನು ಕೊಂಡೊಯ್ಯುವುದನ್ನು ತಪ್ಪೆಂದು ಬಗೆಯುತ್ತಿರಲಿಲ್ಲ. ಮರುವರ್ಷವೇ ಬಾರಿ ನಗರದಲ್ಲಿ ಸಾಕ್ಷಿಗಳ ಹೇಳಿಕೆ ಪಡೆದು ಚರ್ಮಪತ್ರವೊಂದನ್ನು ಬರೆಯಲಾಯಿತು.

ಈ ಸುದೀರ್ಘ ಪಯಣದ ಪ್ರತಿಯೊಂದು ಹೆಜ್ಜೆಯನ್ನೂ ದಾಖಲೆಯಿಂದ ರುಜುವಾತುಪಡಿಸಲು ಸಾಧ್ಯವೇ ಎಂದು ಕೆಲವರು ಕೇಳಬಹುದು. ಸಾಧ್ಯವಿಲ್ಲ. ಧರ್ಮಸಭೆಯೂ ಅವಶೇಷಗಳನ್ನು ವಿಶ್ವಾಸದ ಸತ್ಯವೆಂದು ಯಾರ ಮೇಲೂ ಹೇರುವುದಿಲ್ಲ. ಪುನರುತ್ಥಾನರಾದ ಪ್ರಭುವಿನ ಗಾಯಗಳನ್ನು ಮುಟ್ಟಿ ನೋಡದೆ ನಂಬೆನೆಂದ ಶಿಷ್ಯನ ಸಮಾಧಿಯ ಬಳಿ ಇಂತಹ ಪ್ರಶ್ನೆ ಏಳುವುದು ಅಸಹಜವೂ ಅಲ್ಲ. ಪ್ರಶ್ನಿಸಿದವರನ್ನು ಪ್ರಭು ದೂರ ತಳ್ಳಲಿಲ್ಲ, ಹತ್ತಿರಕ್ಕೆ ಕರೆದರು ಎಂಬುದೇ ಸಂತ ತೋಮಸರ ಬದುಕಿನ ಪಾಠ. ಸಂಶಯ ಹೊತ್ತ ಯುವಜನರನ್ನು ಮನೆಯಲ್ಲಿ ಹೊಂದಿರುವ ತಂದೆತಾಯಂದಿರು ಇದನ್ನು ಮನದಟ್ಟು ಮಾಡಿಕೊಳ್ಳುವುದು ಒಳಿತು.

ಬೂದಿಯಿಂದೆದ್ದ ದೇವಾಲಯ

ಸಂತ ತೋಮಸರ ಮಹಾದೇವಾಲಯದ ನೆಲಮಾಳಿಗೆಯ ಬಲಿಪೀಠದಡಿಯಲ್ಲಿ, ಚಿನ್ನದ ಲೇಪವುಳ್ಳ ತಾಮ್ರದ ಪೆಟ್ಟಿಗೆಯೊಳಗೆ ಅವಶೇಷಗಳಿವೆ. ಈ ದೇವಾಲಯ ಕಂಡ ಸಂಕಟಗಳು ಒಂದೆರಡಲ್ಲ. 1566ರಲ್ಲಿ ತುರ್ಕಿ ನೌಕಾಪಡೆ ಊರಿಗೆ ನುಗ್ಗಿ ದೇವಾಲಯಕ್ಕೆ ಬೆಂಕಿಯಿಟ್ಟಿತು. ಗೋಡೆಗಳು ಸುಟ್ಟವು, ಅವಶೇಷಗಳು ಉಳಿದವು.

ಅದಕ್ಕಿಂತಲೂ ಘೋರವಾದುದು 1943ರ ಡಿಸೆಂಬರ್. ಒರ್ತೋನಾವನ್ನು ಹಿಡಿದಿದ್ದ ಜರ್ಮನ್ ಸೈನಿಕರಿಗೂ ಕೆನಡಾದ ಪಡೆಗೂ ಆ ತಿಂಗಳ 20ರಿಂದ 28ರವರೆಗೆ ಬೀದಿ ಬೀದಿಯಲ್ಲಿ, ಮನೆ ಮನೆಯಲ್ಲಿ ಕಾಳಗ ನಡೆಯಿತು. ಬೀದಿಗಿಳಿದರೆ ಗುಂಡು ತಗಲುವುದೆಂದು ಕೆನಡಾದ ಯೋಧರು ಮನೆಗಳ ನಡುಗೋಡೆಗಳನ್ನು ಒಡೆದು ಒಂದರಿಂದ ಇನ್ನೊಂದಕ್ಕೆ ಸಾಗಿದರು. ಪತ್ರಿಕೆಗಳು ಒರ್ತೋನಾವನ್ನು ಪುಟ್ಟ ಸ್ಟಾಲಿನ್‌ಗ್ರಾಡ್ ಎಂದು ಕರೆದವು. ಆಗಿನ ಪೂಜಾವಿಧಿಯ ಪಂಚಾಂಗದಲ್ಲಿ ಡಿಸೆಂಬರ್ 21 ಸಂತ ತೋಮಸರ ಹಬ್ಬದ ದಿನ. ತಮ್ಮ ಪಾಲಕ ಸಂತರ ಹಬ್ಬವನ್ನು ಜನರು ಗುಂಡಿನ ಸದ್ದಿನ ನಡುವೆ ಕಳೆಯಬೇಕಾಯಿತು. ಸ್ಫೋಟಕ್ಕೆ ಸಿಲುಕಿ ಅರ್ಧ ಸೀಳಿಹೋದ ದೇವಾಲಯದ ಗುಮ್ಮಟದ ಛಾಯಾಚಿತ್ರವನ್ನು ಇಂದಿಗೂ ಕಾಣಬಹುದು. ಯುದ್ಧದಲ್ಲಿ ಮಡಿದ ಒರ್ತೋನಾದ ನಾಗರಿಕರೇ 1,300ಕ್ಕೂ ಹೆಚ್ಚು.

ಅದೇ ಕ್ರಿಸ್ಮಸ್ ದಿನ ಸಂತ ಮರಿಯ ದಿ ಕೊಸ್ತಾಂತಿನೋಪೊಲಿ ದೇವಾಲಯದಲ್ಲಿ ಉದ್ದನೆಯ ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿ, ಕೆನಡಾದ ಯೋಧರಿಗೆ ಸರದಿಯಂತೆ ಹಬ್ಬದೂಟ ಬಡಿಸಲಾಯಿತು. ಕೆಲವೇ ಬೀದಿಗಳಾಚೆ ಕಾಳಗ ಸಾಗಿತ್ತು. ಆರ್ಗನ್ ವಾದ್ಯದ ಕ್ರಿಸ್ಮಸ್ ಗೀತೆ ಕೇಳಿ ಉಂಡೆದ್ದು ಹೋದವರಲ್ಲಿ ಕೆಲವರು ಮತ್ತೆ ಮರಳಲಿಲ್ಲ. ಪಟ್ಟಣದ ಹೊರವಲಯದ ಮೋರೊ ನದಿ ಯುದ್ಧಸ್ಮಶಾನದಲ್ಲಿ 1,600ಕ್ಕೂ ಹೆಚ್ಚು ಯೋಧರ ಸಮಾಧಿಗಳಿವೆ, ಬಹುಪಾಲು ಕೆನಡಾದವರದು.

ಜನರು ಎದೆಗುಂದಲಿಲ್ಲ. ಭಗ್ನವಾದ ದೇವಾಲಯವನ್ನು ಪುನಃ ಕಟ್ಟಿ 1949ರಲ್ಲಿ ತೆರೆದರು. ಇಂದು ಅದನ್ನು ನೋಡುವವರಿಗೆ ಹಳೆಯ ಕಲ್ಲುಗಳೂ ಹೊಸ ಗೋಡೆಗಳೂ ಒಟ್ಟಿಗೇ ಕಾಣುತ್ತವೆ.

ನಮ್ಮವರ ನೆನಪು

ಈ ಯುದ್ಧ ನಮಗೆ ಪರಕೀಯವಲ್ಲ. ಕೆನಡಾದವರ ಪಕ್ಕದಲ್ಲಿಯೇ, ಸಾಂಗ್ರೊ ಹಾಗೂ ಮೋರೊ ನದಿಗಳ ಕೆಸರಿನಲ್ಲಿ ಎಂಟನೆಯ ಭಾರತೀಯ ಡಿವಿಷನ್ನಿನ ಯೋಧರು ಹೋರಾಡಿದರು. ಒರ್ತೋನಾದ ದಕ್ಷಿಣಕ್ಕಿರುವ ಸಾಂಗ್ರೊ ನದಿ ಯುದ್ಧಸ್ಮಶಾನದಲ್ಲಿ ಅವರಲ್ಲಿ ಹಲವರ ಸಮಾಧಿಗಳಿವೆ. ಅಲ್ಲಿಯೇ ಇರುವ ಸ್ಮಾರಕವೊಂದರಲ್ಲಿ, ತಮ್ಮ ಧರ್ಮದ ವಿಧಿಯಂತೆ ದಹನಗೊಂಡ 500ಕ್ಕೂ ಹೆಚ್ಚು ಭಾರತೀಯ ಸೈನಿಕರನ್ನು ಸ್ಮರಿಸಲಾಗಿದೆ. ಭಾರತದಿಂದ ಬಂದ ಪ್ರೇಷಿತರ ಅವಶೇಷಗಳಿರುವ ಊರಿನ ಸಮೀಪದಲ್ಲಿಯೇ ಭಾರತದಿಂದ ಬಂದ ಈ ಮಕ್ಕಳೂ ಮಣ್ಣಾಗಿದ್ದಾರೆ. ಅವರ ಮನೆಯವರಲ್ಲಿ ಎಷ್ಟು ಮಂದಿಗೆ ಅಲ್ಲಿಯವರೆಗೆ ಹೋಗಿ ಒಂದು ಹೂವಿಡಲು ಸಾಧ್ಯವಾದೀತು? ಯಾತ್ರೆಗೆಂದು ಹೋಗುವ ನಾವು ಅವರ ಧರ್ಮ ಯಾವುದೆಂದು ಕೇಳದೆ, ಅಲ್ಲಿ ಒಂದು ಗಳಿಗೆ ನಿಂತು ಪ್ರಾರ್ಥಿಸುವುದು ಕರ್ತವ್ಯವೇ ಸರಿ.

ಇನ್ನೊಂದು ನಂಟೂ ಇದೆ. 1953ರಲ್ಲಿ ಕಾರ್ಡಿನಲ್ ಯೂಜೀನ್ ತಿಸ್ಸೆರಾಂತ್ ಅವರು ಒರ್ತೋನಾದಿಂದ ಸಂತ ತೋಮಸರ ಬಲತೋಳಿನ ಅಸ್ಥಿಯೊಂದನ್ನು ಕೇರಳದ ಕೊಡುಂಗಲ್ಲೂರಿಗೆ ತಂದರು. ಪ್ರೇಷಿತರು ಕ್ರಿ.ಶ. 52ರಲ್ಲಿ ಕಾಲಿಟ್ಟರೆಂದು ನಂಬಲಾದ ಕರಾವಳಿಗೇ ಅದು ಮರಳಿತು. ತನ್ನ ನಿಧಿಯಲ್ಲಿ ಪಾಲು ಕೊಟ್ಟ ಊರನ್ನು ನಾವು ಮರೆಯಬಾರದು.

ಯಾತ್ರಿಕರಿಗೆ ನಾಲ್ಕು ಮಾತು

ಹೋಗಲು ಪ್ರಶಸ್ತವಾದ ಕಾಲ ವಸಂತ. ಮೇ ತಿಂಗಳ ಮೊದಲ ಭಾನುವಾರ ಅಲ್ಲಿ ‘ಪೆರ್ದೋನೊ’, ಎಂದರೆ ಕ್ಷಮೆಯ ಹಬ್ಬ. ಪೋಪ್ ನಾಲ್ಕನೆಯ ಸಿಕ್ಸ್ತುಸರು 1479ರಲ್ಲಿ ನೀಡಿದ ಪರಿಪೂರ್ಣ ದಂಡವಿಮೋಚನೆಯ ವರವೇ ಇದರ ಮೂಲ. ಹಬ್ಬದ ಮುನ್ನಾದಿನ ಬೆಳ್ಳಿಯ ಬೀಗದಕೈಗಳ ಮೆರವಣಿಗೆ ಪುರಾತನ ವೇಷಭೂಷಣಗಳೊಡನೆ ಸಾಗುತ್ತದೆ. ಸಂತರ ಬೆಳ್ಳಿಯ ಪ್ರತಿಮೆಯನ್ನು ಭಕ್ತರ ದರ್ಶನಕ್ಕಿಡಲಾಗುತ್ತದೆ. ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಿ ಮನೆಗೆ ಮರಳುವುದೇ ಹಬ್ಬದ ತಿರುಳು.

ರೋಮಿನಿಂದ ಪೆಸ್ಕಾರಾವರೆಗೆ ಬಸ್ಸೂ ರೈಲೂ ಇವೆ. ಅಲ್ಲಿಂದ ಕರಾವಳಿಯ ರೈಲಿನಲ್ಲಿ ಒರ್ತೋನಾ ದೂರವೇನಲ್ಲ. ಎಂಟನೆಯ ಶತಮಾನದ್ದೆನ್ನಲಾದ ಪರಮಪ್ರಸಾದದ ಅದ್ಭುತಕ್ಕೆ ಹೆಸರಾದ ಲಂಚಾನೊ ಕೂಡ ಹತ್ತಿರದಲ್ಲಿಯೇ ಒಳನಾಡಿನಲ್ಲಿದೆ. ಅಲ್ಲಿಗೆ ಹೋಗಿ ಒರ್ತೋನಾಗೆ ಬಾರದೆ ಮರಳುವುದು ತವರಿನ ಬಾಗಿಲವರೆಗೆ ಹೋಗಿ ಒಳಗೆ ಕಾಲಿಡದೆ ಬಂದಂತೆ.

ಮಕ್ಕಳೊಡನೆ ಹೋದವರು ‘ತ್ರಬೊಕ್ಕಿ’ಗಳನ್ನು ತೋರಿಸಲು ಮರೆಯಬಾರದು. ಕಡಲಿನಲ್ಲಿ ಮರದ ಕಂಬಗಳನ್ನು ನೆಟ್ಟು ಅಟ್ಟ ಕಟ್ಟಿ, ಉದ್ದನೆಯ ಗಳುಗಳಿಂದ ಬಲೆಯನ್ನು ಇಳಿಸಿ ಎತ್ತುವ ಈ ಸಾಧನಗಳು ಕೊಚ್ಚಿಯ ಚೀನಾ ಬಲೆಗಳನ್ನು ನೆನಪಿಸುತ್ತವೆ. ಅವುಗಳಲ್ಲಿ ಹಲವು ಇಂದು ಮೀನೂಟದ ತಾಣಗಳಾಗಿವೆ. ಹಳೆಯ ರೈಲುಮಾರ್ಗವನ್ನೇ ಸೈಕಲ್ ಹಾದಿಯಾಗಿ ಮಾರ್ಪಡಿಸಿರುವುದರಿಂದ ಕಡಲ ಅಂಚಿನಲ್ಲಿಯೇ ದಕ್ಷಿಣದತ್ತ ಸಾಗಬಹುದು. ಸಂಗೀತಪ್ರಿಯರಿಗೆ ಒರ್ತೋನಾ 1846ರಲ್ಲಿ ಜನಿಸಿದ ಗೀತಸಂಯೋಜಕ ಫ್ರಾಂಚೆಸ್ಕೊ ಪಾವೊಲೊ ತೋಸ್ತಿಯ ಹುಟ್ಟೂರು.

ಆದರೂ ನಾವು ಹೋಗಬೇಕಾದುದು ಇವುಗಳಿಗಾಗಿ ಅಲ್ಲ. ಎರಡು ಸಲ ಬೆಂದು ಬಿದ್ದ ಊರು ತನಗೊಪ್ಪಿಸಿದ್ದನ್ನು ಕೈಬಿಡಲಿಲ್ಲ ಎಂಬುದನ್ನು ನಮ್ಮ ಮಕ್ಕಳು ಕಣ್ಣಾರೆ ಕಾಣಲೆಂದು ಹೋಗಬೇಕು. ನಮಗೂ ಅದೇ ಪ್ರೇಷಿತರು ಒಂದನ್ನು ಒಪ್ಪಿಸಿ ಹೋಗಿದ್ದಾರೆ. ಹೋಗಲಾಗದವರು ಜುಲೈ 3ರಂದು, ಸಂತರ ಹಬ್ಬದ ಬಲಿಪೂಜೆಯಲ್ಲಿ, ಆ ದೂರದ ಕಡಲೂರನ್ನೂ ಅಲ್ಲಿ ಮಲಗಿರುವ ನಮ್ಮ ಯೋಧರನ್ನೂ ನೆನೆದರೆ ಅದೂ ಒಂದು ಯಾತ್ರೆಯೇ.